ಒದ್ದೆ ದನಿ

ಈ ವೃದ್ಧಸದನಕ್ಕೆ ರೋಗಿಗಳ ಆರೈಕೆ ಕಲಿಯಲು ಬರುವ ಹೆಂಗಸರೆಲ್ಲ ಮೊದಲ ದಿನ ನನ್ನ ತರಗತಿ ಮುಗಿಸಿ ನನ್ನನ್ನು ಬೈದುಕೊಂಡೇ ಹೋಗುತ್ತಾರೆ. ಬೈದುಕೊಳ್ಳಲಿ. ಹತ್ತು ಜನರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಕತ್ತು ಪೂರಾ ಹಿಂದಕ್ಕೆ ಬಾಗಿಸಿ ಮೇಲಿನ ಸೂರು ನೋಡಿ ಅನ್ನುತ್ತೇನೆ. ಹಾಗೇ ಕೂತು ಒಂದು ಸಲ ಎಂಜಲು ನುಂಗಿ ಅನ್ನುತ್ತೇನೆ. ಯಾರಿಗೂ ಸರಿಯಾಗಿ ಆಗುವುದಿಲ್ಲ. ಒಬ್ಬಳು ಕೆಮ್ಮುತ್ತಾಳೆ, ಇನ್ನೊಬ್ಬಳು ನಗುತ್ತಾಳೆ. ಆಮೇಲೆ ಗದ್ದವನ್ನು ಎದೆಯ ಕಡೆಗೆ ಬಗ್ಗಿಸಿ ನುಂಗಿ ಅನ್ನುತ್ತೇನೆ. ಸಲೀಸಾಗಿ ಇಳಿಯುತ್ತದೆ.

"ನೋಡಿದ್ರಾ? ಗಟ್ಟಿಮುಟ್ಟಾಗಿರೋ ನಿಮಗೇ ಆಗ್ಲಿಲ್ಲ. ಲಕ್ವ ಹೊಡೆದು ಅರ್ಧ ಬಾಯಿ ಸ್ವಾಧೀನ ಇಲ್ಲದೋರಿಗೆ ಹೇಗಾಗ್ಬೇಕು?"

ಎರಡು ವರ್ಷದ ಹಿಂದಿನ ಒಂದು ತಂಡದಲ್ಲಿ ಸಫಿಯಾ ಅಂತ ಒಬ್ಬಳಿದ್ದಳು. ಬಾಯಿಗೆ ಬೀಗ ಅನ್ನುವುದೇ ಇಲ್ಲ.

"ಹಾಗಾದ್ರೆ ಟೀಚರೇ, ನಾವೆಲ್ಲ ಹುಟ್ಟಿದಾಗಿಂದ ತಪ್ಪಾಗಿ ನೀರು ಕುಡೀತಾ ಬಂದಿದ್ದೀವಾ?"

"ನೀನು ಹೇಗಾದ್ರೂ ಕುಡಿ. ತಲೆಕೆಳಗಾಗಿ ನಿಂತ್ಕೊಂಡು ಕುಡಿ. ಇಲ್ಲಿರೋರ ಬಾಯಿಗೆ ಮೇಲಿಂದ ನೀರು ಹೊಯ್ದೆ ಅಂದ್ರೆ ಮಾತ್ರ ಅವತ್ತೇ ನಿನ್ನ ಚೀಲ ಗೇಟಿನ ಹೊರಗೆ ಬೀಳುತ್ತೆ."

ನಮ್ಮ ಮಲಬಾರಿನ ಹಳೇ ಮನೆಗಳಲ್ಲಿ ಪಾತ್ರೆಗೆ ತುಟಿ ತಾಗಿಸಿ ಕುಡಿದವರನ್ನು ನಾನು ಕಂಡಿಲ್ಲ. ತಾಗಿಸಿದರೆ ಎಂಜಲು. ಜಗಲಿಯಲ್ಲಿ ಹಿತ್ತಾಳೆಯ ಗಿಂಡಿ ಇರುತ್ತದೆ. ಕತ್ತು ಮೇಲಕ್ಕೆತ್ತಿ, ಬಾಯಿ ತೆರೆದು, ಗಿಂಡಿಯ ಮೂತಿಯಿಂದ ಸಣ್ಣಗೆ ಧಾರೆ ಬಿಟ್ಟುಕೊಂಡು ಗಟಗಟ ಕುಡಿಯುವುದೇ ಕುಡಿಯುವುದು. ಅಪ್ಪ ಅಮ್ಮ ಮೊದಲು ಕಲಿಸುವ ಮರ್ಯಾದೆ ಅದು. ಹಾಸಿಗೆ ಹಿಡಿದವರಿಗೂ ಹಾಗೆಯೇ ಕುಡಿಸುತ್ತಾರೆ, ಪ್ರೀತಿಯಿಂದಲೇ ಕುಡಿಸುತ್ತಾರೆ. ನನ್ನ ಹದಿನೈದು ದಿನದ ತರಬೇತಿಯಲ್ಲಿ ಅರ್ಧ ಕೆಲಸ ಆ ಮರ್ಯಾದೆಯನ್ನು ಕೈಯಿಂದ ಬಿಡಿಸುವುದೇ ಆಗಿಹೋಗುತ್ತದೆ.

ಉಳಿದದ್ದೆಲ್ಲ ಬೇಗ ಕಲಿಯುತ್ತಾರೆ. ನೆಟ್ಟಗೆ ಕೂರಿಸಬೇಕು. ಚಿಕ್ಕ ಚಮಚ ಹಿಡಿಯಬೇಕು. ಗಂಟಲಮಣಿ ಮೇಲೆದ್ದು ಇಳಿಯುವವರೆಗೆ ಎರಡನೇ ತುತ್ತು ಎತ್ತಬಾರದು. ಕೆನ್ನೆಯ ಸಂದಿಯಲ್ಲಿ ಅನ್ನ ಉಳಿದಿದೆಯಾ ಎಂದು ಬೆರಳು ಹಾಕಿ ನೋಡಬೇಕು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ತೆಳ್ಳಗಿನ ನೀರು ಬೇಗ ದಾರಿ ತಪ್ಪುತ್ತದೆ, ಅದಕ್ಕೇ ನೀರಿಗೆ ಕೂವೆಗೆಡ್ಡೆಯ ಹಿಟ್ಟು ಕದಡಿ ಕಾಯಿಸಿ, ಜೇನಿನ ಹಾಗೆ ಮಂದ ಮಾಡಿ ಚಮಚದಲ್ಲಿ ಕೊಡಬೇಕು. ಬರೀ ಗಂಜಿತಿಳಿ ಕುಡಿಸಿ ಕುಡಿಸಿ ಮನುಷ್ಯರನ್ನು ಸೊರಗಿಸಬೇಡಿ, ಹೆಸರುಕಾಳು ಬೇಯಿಸಿ ಹಾಕಿ, ಮೊಟ್ಟೆ ಹಾಕಿ, ಮೀನನ್ನು ಮುಳ್ಳು ತೆಗೆದು ಅರೆದು ಹಾಕಿ, ಮೇಲೊಂದು ಚಮಚ ತೆಂಗಿನೆಣ್ಣೆ ಬಿಡಿ ಎಂದು ಗಂಟಲು ಹರಿದುಕೊಳ್ಳುತ್ತೇನೆ. ಪ್ರತಿ ಸೋಮವಾರ ಎಲ್ಲರನ್ನೂ ತೂಕ ಮಾಡುತ್ತೇವೆ.

ಕೊನೆಯ ಪಾಠ ದನಿಯದು. ಉಣಿಸಿಯಾದ ಮೇಲೆ ಅವರ ಬಾಯಿಂದ ಏನಾದರೂ ಒಂದು ಮಾತು ಹೇಳಿಸಬೇಕು. ದನಿ ಒಣಗಿದ್ದರೆ ಸರಿ. ಗಂಟಲಲ್ಲಿ ನೀರು ನಿಂತ ಹಾಗೆ ಒದ್ದೆಯಾಗಿ ಗುಳಗುಳ ಅಂದರೆ, ಹೊಟ್ಟೆಗೆ ಹೋಗಬೇಕಾದ್ದು ಶ್ವಾಸದ ದಾರಿ ಹಿಡಿದಿದೆ ಎಂದೇ ಅರ್ಥ. ಕೆಮ್ಮು ಬರಲೇಬೇಕೆಂದಿಲ್ಲ. ಲಕ್ವ ಹೊಡೆದವರಲ್ಲಿ ಎಷ್ಟೋ ಜನಕ್ಕೆ ಕೆಮ್ಮೇ ಬರುವುದಿಲ್ಲ. ಎರಡು ಮೂರು ದಿನಕ್ಕೆ ಜ್ವರ ಬರುತ್ತದೆ.

ಮೊದಲೆಲ್ಲ ಇದನ್ನು ಹೇಳುವಾಗ ಪ್ರತಿ ತಂಡದಲ್ಲೂ, ಪ್ರತಿ ಸಲವೂ, ನನ್ನ ಬೆನ್ನ ಹಿಂದಿನಿಂದ ಯಾರೋ "ವಿಲಾಸಿನೀ" ಎನ್ನುತ್ತಿದ್ದರು. ಹಿಂದೆ ಕರಿಹಲಗೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ದನಿ ಮಾತ್ರ ಗುಳಗುಳ ಎನ್ನುತ್ತಿತ್ತು. ಅದು ಚಾತ್ತು ಮಾಷ್ ದನಿ.

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಆಗ ನಾನು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದೆ. ಚಾತ್ತು ಮಾಷ್ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು, ಕೋರಪ್ಪುಳ ಹೊಳೆಯ ದಂಡೆಯಲ್ಲಿ ಮನೆ. ಬಲಭಾಗ ಬಿದ್ದುಹೋಗಿತ್ತು. ತೆಳ್ಳಗಿನದ್ದೇನೂ ಕೊಡಬೇಡಿ, ಮಂದ ಗಂಜಿ ಮಾತ್ರ ಕೊಡಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದೇ ಕೊಟ್ಟಿದ್ದರು. ಯಾಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಮಾಷ್ ದಿನವೂ ಅಂಗಲಾಚುತ್ತಿದ್ದರು. "ವಿಲಾಸಿನೀ, ಬಾವಿ ನೀರು ಒಂದು ಗುಟುಕು. ಗಿಂಡಿಯಲ್ಲಿ." ಒಂದು ಬುಧವಾರ ನನಗೆ ತಡೆಯಲಾಗಲಿಲ್ಲ. ಕತ್ತು ಎತ್ತಿ ಹಿಡಿದು, ಧಾರೆ ಬಿಟ್ಟೆ. ಅರ್ಧ ಗಿಂಡಿ ಕುಡಿದರು. ಕೆಮ್ಮಲಿಲ್ಲ. ನೆಟ್ಟಗಿದ್ದ ಅರ್ಧ ಮುಖದಲ್ಲಿ ನಕ್ಕರು. "ಈಗ ಜೀವ ಬಂತು ನೋಡು" ಅಂದರು. ದನಿ ಒದ್ದೆಯಾಗಿತ್ತು. ನೀರು ಕುಡಿದವರ ದನಿ ಹಾಗಿರುತ್ತದೆ ಎಂದುಕೊಂಡೆ. ಶನಿವಾರ ಜ್ವರ ಬಂತು. ಮುಂದಿನ ಮಂಗಳವಾರ ಅವರು ಇರಲಿಲ್ಲ.

ಕಾಲ ಬಂತು, ಹೋದರು ಎಂದು ಎಲ್ಲರೂ ಅಂದರು. ನಾನೂ ಹಾಗೇ ಅಂದುಕೊಂಡೆ. ನಾಲ್ಕು ವರ್ಷವಾದ ಮೇಲೆ ಕೋಳಿಕ್ಕೋಡಿನಲ್ಲಿ ನಮಗೊಂದು ತರಬೇತಿ ಇತ್ತು. ಒದ್ದೆ ದನಿಯ ಪಾಠವನ್ನು ನಾನು ಮೊದಲು ಕೇಳಿದ್ದು ಅಲ್ಲಿ, ಎರಡನೇ ಸಾಲಿನಲ್ಲಿ ಕೂತು. ಮುಂದಿನ ಮಾತು ಯಾವುದೂ ಕಿವಿಗೆ ಬೀಳಲಿಲ್ಲ. ಅವತ್ತಿನಿಂದ ಮಾಷ್ ನನ್ನ ಹಿಂದೆಯೇ ಇದ್ದರು. ನಾನು ಇದನ್ನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಹೆದರಿದ್ದೆ, ಅಷ್ಟೇ. ಬದಲಿಗೆ ಟೀಚರಾದೆ, ಬಿರುಸು ನಾಲಿಗೆಯವಳಾದೆ.

ಹೀಗಿರುವಾಗ ನಾನು ಕಲಿಸುವ ಈ ವೃದ್ಧಸದನಕ್ಕೆ ಮಾಷ್ ಹೆಂಡತಿ ನಾಣಿಯಮ್ಮನನ್ನೇ ತಂದು ಸೇರಿಸಿದರು. ಎಂಬತ್ತನಾಲ್ಕು ವರ್ಷ, ಮಕ್ಕಳಿಲ್ಲ, ಅವರಿಗೂ ಲಕ್ವ ಹೊಡೆದಿತ್ತು. ಗಾಲಿಕುರ್ಚಿಯಿಂದಲೇ ನನ್ನ ಗುರುತು ಹಿಡಿದು ಕೈ ಹಿಡಿದುಕೊಂಡರು.

"ನೀನು ವಿಲಾಸಿನಿ ಅಲ್ವಾ? ದೇವರು ಇದ್ದಾನೆ ಮೋಳೇ, ನನ್ನ ಮಗಳೇ. ನಮ್ಮ ಮಾಷಿಗೆ ಕಡೇ ನೀರು ಬಿಟ್ಟ ಕೈ ಇದು."

ಅಲ್ಲಿಂದ ಶುರುವಾಯಿತು. ಯಾರು ಹಾಸಿಗೆ ಬಳಿ ಬಂದರೂ ಅದೇ ಕಥೆ. ಇಡೀ ಮನೆಗೆ ಮನೆಯೇ ಚೀಟಿ ಹಿಡಿದುಕೊಂಡು ಮಾಷನ್ನು ಬಾಯಾರಿಸಿ ಕೊಲ್ಲುತ್ತಿತ್ತಂತೆ, ಕರುಣೆ ಇದ್ದವಳು ಇವಳೊಬ್ಬಳೇ ಅಂತೆ, ಮಾಷ್ ನಗುತ್ತಾ ಕುಡಿದರಂತೆ. ಕರ್ಕಿಡಕ ತಿಂಗಳ ಅಮಾವಾಸ್ಯೆಗೆ ಮಾಷಿಗೆ ದೀಪ ಹಚ್ಚುವಾಗಲೆಲ್ಲ ನನ್ನ ಹೆಸರನ್ನೂ ನೆನೆದು ಹಚ್ಚುತ್ತಿದ್ದರಂತೆ. ಇದನ್ನು ಕೇಳಿಕೊಂಡು ನಾನು ನಿಂತಿರಬೇಕು.

ಒಂದು ದಿನ ದನಿಯ ಪಾಠಕ್ಕೆಂದು ಸಫಿಯಾ ಇದ್ದ ಆ ತಂಡವನ್ನು ನಾಣಿಯಮ್ಮನ ಕೋಣೆಗೇ ಕರೆದುಕೊಂಡು ಹೋಗಿದ್ದೆ. ಪ್ರಸನ್ನ ಉಣಿಸುತ್ತಿದ್ದಳು. ಆ ತಂಡದಲ್ಲಿ ಅವಳದು ಎಲ್ಲರಿಗಿಂತ ಒಳ್ಳೆಯ ಕೈ. ನನ್ನನ್ನು ಟೀಚರ್ ಅನ್ನದೆ ಚೇಚಿ, ಅಕ್ಕ ಅನ್ನುತ್ತಿದ್ದಳು. ನಲವತ್ತು ದಾಟಿದ ಹೆಂಗಸು, ಗಂಡನಿಲ್ಲ, ತಂಗಿಯ ಮನೆಯ ಚಾವಡಿಯಲ್ಲಿ ಮಲಗುತ್ತಿದ್ದಳು. ಇಲ್ಲಿಯ ಸರ್ಟಿಫಿಕೇಟು ಸಿಕ್ಕಿದರೆ ಇಲ್ಲೇ ಕೆಲಸ, ಇಲ್ಲೇ ಒಂದು ಕೋಣೆ. ಅವಳಿಗೆ ಬೇರೆ ದಾರಿಯೇ ಇರಲಿಲ್ಲ.

"ಈಗ ಏನಾದ್ರೂ ಹೇಳಿ ಅಮ್ಮ, ದನಿ ನೋಡೋಣ" ಅಂದಳು ಪ್ರಸನ್ನ.

ಸಫಿಯಾ ಬಿಡುತ್ತಾಳೆಯೇ? "ಮಾಷ್ ಹೆಸರು ಹೇಳ್ಲಿ. ಮಾಷ್ ಮಾಷ್ ಅಂತೀರಲ್ಲ, ಅವ್ರಿಗೆ ಹೆಸರೇ ಇಲ್ವಾ ಅಮ್ಮಾ?"

ನಾಣಿಯಮ್ಮ ನಾಚಿಕೊಂಡರು. "ಥೂ ಹುಚ್ಚಿ. ಗಂಡನ ಹೆಸರು ಹೇಳ್ತಾರಾ ಯಾರಾದ್ರೂ? ಅವರಿದ್ದಾಗ್ಲೂ ಹೇಳ್ಲಿಲ್ಲ, ಹೋದ್ಮೇಲೂ ಹೇಳಿಲ್ಲ. ನನ್ನ ಹೆಸರು ಬೇಕಾದ್ರೆ ತಗೋ. ನಾಣಿ." ದನಿ ಒಣಗಿತ್ತು. ಆಮೇಲೆ ಅವರು ತಮ್ಮ ಕಥೆ ಎತ್ತಿದರು. ಗಿಂಡಿ, ಬಾವಿ ನೀರು, ನನ್ನ ಕೈ. ಹತ್ತು ಮುಖಗಳು ನನ್ನ ಕಡೆ ತಿರುಗಿದವು. ಮೇಲಿಂದ ಹೊಯ್ದರೆ ಚೀಲ ಎಸೆಯುತ್ತೇನೆ ಅಂದಿದ್ದ ಟೀಚರು ಇವಳೇ.

ಅವತ್ತು ಬಾಯಿ ಬಿಡಬೇಕಿತ್ತು. ಆ ನೀರೇ ಅವರನ್ನು ಕೊಂದಿತು ಎಂದು ಒಂದೇ ಒಂದು ಮಾತು ಸಾಕಿತ್ತು. ನಾನು ಗಡಿಯಾರ ನೋಡಿ, "ಊಟದ ಹೊತ್ತಾಯ್ತು, ಏಳಿ ಏಳಿ" ಅಂದೆ.

ಮೂರು ದಿನ ಬಿಟ್ಟು ಕರ್ಕಿಡಕದ ಅಮಾವಾಸ್ಯೆ ಬಂತು. ಅವತ್ತು ನಮ್ಮ ಕಡೆ ಹಿರಿಯರಿಗೆ ಎಡೆ ಇಡುತ್ತಾರೆ. ಎಲೆಯಲ್ಲಿ ಅನ್ನ, ಕೋಳಿ, ಮೀನು, ಪಕ್ಕದಲ್ಲಿ ಗಿಂಡಿ ತುಂಬ ನೀರು, ಒಂದು ದೀಪ. ಕೋಣೆಯ ಬಾಗಿಲು ಎಳೆದುಕೊಂಡು ಹೊರಗೆ ಕೂರಬೇಕು. ಸತ್ತವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲು ತೆರೆದು, ಅವರು ಉಳಿಸಿದ್ದನ್ನು ಮನೆಯವರು ಹಂಚಿಕೊಳ್ಳುತ್ತಾರೆ. ಸದನದಲ್ಲೂ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಎಲ್ಲರ ಪರವಾಗಿ ಒಂದೇ ಎಡೆ ಇಡುತ್ತೇವೆ. ಬಾಗಿಲು ಮುಚ್ಚಿದವಳು ನಾನೇ. ಮುಚ್ಚುವಾಗ ಒಳಗಿನಿಂದ ಗಟಗಟ ನುಂಗುವ ಸದ್ದು ಕೇಳಿತು. ಸುಳ್ಳು ಹೇಳುತ್ತಿಲ್ಲ, ಕೇಳಿತು. ಚಿಲಕ ಹಾಕಿ, ಹಿಂದೆ ತಿರುಗದೆ ಅಡುಗೆಮನೆಗೆ ನಡೆದೆ.

ಮಧ್ಯಾಹ್ನ ಮೂರರ ಹೊತ್ತಿಗೆ ನಾಣಿಯಮ್ಮನ ಕೋಣೆಗೆ ಹೋದೆ. ಹಾಸಿಗೆಯ ಪಕ್ಕ ಎಡೆಯ ಗಿಂಡಿ ಇತ್ತು, ಅರ್ಧ ಖಾಲಿ. ನಾಣಿಯಮ್ಮನ ಕೊರಳು, ರವಿಕೆ ಒದ್ದೆ. ಪ್ರಸನ್ನ ಸೆರಗಿನಿಂದ ಒರೆಸುತ್ತಿದ್ದಳು. ಇಬ್ಬರ ಮುಖದಲ್ಲೂ ಹಬ್ಬದ ಕಳೆ.

"ಏನು ಕೊಟ್ಟೆ?"

"ಮಾಷ್ ಕುಡಿದು ಉಳಿಸಿದ ನೀರು ಬೇಕು ಅಂತ ಬೆಳಿಗ್ಗೆಯಿಂದ ಅಳ್ತಾ ಇದ್ರು ಚೇಚಿ. ನೋಡೋಕೆ ಆಗ್ಲಿಲ್ಲ. ಎಡೆ ನೀರನ್ನ ಕೂವೆಹಿಟ್ಟಲ್ಲಿ ಹೇಗೆ ಕಲಸೋದು, ಚಮಚದಲ್ಲಿ ಹೇಗೆ ಎಂಜಲು ಮಾಡೋದು? ಒಂಚೂರೂ ಕೆಮ್ಮಲಿಲ್ಲ, ಬೇಕಾದ್ರೆ ಕೇಳಿ."

"ಅಮ್ಮ, ನಿಮ್ಮ ಹೆಸರು ಹೇಳಿ" ಅಂದೆ.

ನಾಣಿಯಮ್ಮ ನಕ್ಕು "ನಾಣಿ" ಅಂದರು. ಅದು ಚಾತ್ತು ಮಾಷ್ ದನಿ. ಅದೇ ಗುಳಗುಳ. ಈ ಸಲ ಅದು ನನ್ನ ಬೆನ್ನ ಹಿಂದೆ ಇರಲಿಲ್ಲ, ಎದುರಿಗೇ ಇತ್ತು.

ನೆಟ್ಟಗೆ ಕೂರಿಸಿ ಕೆಮ್ಮಿಸಿದೆ, ಬಾಯಿ ಒರೆಸಿದೆ, ಡಾಕ್ಟರಿಗೆ ಹೇಳಿಕಳಿಸಿದೆ. ಪ್ರಸನ್ನಳಿಗೆ ಒಂದು ಮಾತೂ ಬೈಯಲಿಲ್ಲ. ಬೈಯದೇ ಇದ್ದುದಕ್ಕೇ ಅವಳು ಹೆದರಿದಳು. ಮೂರನೇ ದಿನ ಜ್ವರ ಬಂತು, ನೂರಾ ಮೂರು. ಎದೆಗೆ ಕಿವಿ ಇಟ್ಟರೆ ಒಳಗೆ ಗಂಜಿ ಕುದಿಯುವ ಸದ್ದು. ಬೇಗ ಹಿಡಿದಿರಿ, ಆದರೂ ಈ ವಯಸ್ಸಿನಲ್ಲಿ ಏನೂ ಹೇಳಲಾರೆ ಎಂದು ಡಾಕ್ಟರು ಸೂಜಿಮದ್ದು ಶುರು ಮಾಡಿದರು. ಐದು ದಿನ ನಾನು ಆ ಕೋಣೆ ಬಿಟ್ಟು ಕದಲಲಿಲ್ಲ. ಕಿಟಕಿಯ ಬಳಿಯ ಕುರ್ಚಿಯಲ್ಲಿ ಮಾಷ್ ಕೂತಿರುತ್ತಿದ್ದರು. ನಾನು ಆ ಕಡೆ ನೋಡುತ್ತಿರಲಿಲ್ಲ. ಇವರನ್ನೂ ಕರೆದುಕೊಂಡು ಹೋಗಬೇಡಿ ಮಾಷೇ, ಎಲ್ಲ ಹೇಳುತ್ತೇನೆ, ಇವರಿಗೇ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಗೋಗರೆದೆ.

ಆರನೇ ದಿನ ಜ್ವರ ಇಳಿಯಿತು. ಎಂಟನೇ ದಿನ ನಾಣಿಯಮ್ಮ ದಿಂಬಿಗೆ ಒರಗಿ ಕೂತರು. ಅವತ್ತೇ ಮೇಟ್ರನ್ ಫಿಲೋಮಿನ ಕೋಣೆಗೆ ಬಂದರು. ಕಟ್ಟುನಿಟ್ಟಿನ ಹೆಂಗಸು, ಆದರೆ ನ್ಯಾಯ ತಪ್ಪುವವರಲ್ಲ. ಪ್ರಸನ್ನ ಬಾಗಿಲಲ್ಲಿ ನಿಂತಿದ್ದಳು, ಚೀಲ ಆಗಲೇ ಕಟ್ಟಿಕೊಂಡಿದ್ದಳು.

"ಇವಳನ್ನ ಇವತ್ತು ಕಳಿಸ್ತಾ ಇದ್ದೀನಿ ಅಮ್ಮ" ಅಂದರು ಮೇಟ್ರನ್. "ಕಲಿಸಿದ್ದನ್ನ ಗೊತ್ತಿದ್ದೂ ಮೀರಿದ್ದಾಳೆ. ಸರ್ಟಿಫಿಕೇಟು ಇಲ್ಲ. ಇನ್ಯಾವ ಸದನದಲ್ಲೂ ಇವಳನ್ನ ತಗೊಳ್ಳಬಾರದು ಅಂತ ಬರೆದು ಕಳಿಸ್ತೀನಿ."

ನಾಣಿಯಮ್ಮ ಎದ್ದು ಕೂರಲು ನೋಡಿದರು. "ನೀವು ಹಾಗೆ ಮಾಡೋ ಹಾಗಿಲ್ಲ ಮೇಟ್ರನ್. ಈ ಹುಡುಗಿ ಏನು ಮಾಡ್ತು? ವಿಲಾಸಿನಿ ಅವತ್ತು ಮಾಷಿಗೆ ಮಾಡಿದ್ದನ್ನೇ ಮಾಡ್ತು. ಅವಳನ್ನ ಟೀಚರ್ ಅಂತ ಕೂರಿಸಿದ್ದೀರಿ, ಇವಳನ್ನ ಬೀದಿಗೆ ಹಾಕ್ತೀರಾ?"

ಮೇಟ್ರನ್ ನನ್ನ ಕಡೆ ತಿರುಗಿದರು. "ಹೌದಾ ವಿಲಾಸಿನಿ?"

ಬರೀ ಹೌದು ಅಂದಿದ್ದರೆ ಪ್ರಸನ್ನ ಉಳಿಯುತ್ತಿದ್ದಳೋ ಏನೋ, ನನ್ನ ಹೆಸರಿನ ದೀಪವೂ ಉಳಿಯುತ್ತಿತ್ತು. ಆದರೆ ಆ ಕಥೆಯೂ ಉಳಿಯುತ್ತಿತ್ತು. ಈ ಬಾಯಿಂದ ಆ ಬಾಯಿಗೆ ಹೋಗಿ, ಇನ್ನೊಬ್ಬಳ ಕೈಗೆ ಗಿಂಡಿ ಕೊಡುತ್ತಿತ್ತು. ನಾನು ನಾಣಿಯಮ್ಮನ ಹಾಸಿಗೆಯ ತುದಿಯಲ್ಲಿ ಕೂತೆ.

"ಅಮ್ಮ, ಮಾಷಿಗೆ ನೀರು ಕೊಟ್ಟಿದ್ದು ಬುಧವಾರ. ಜ್ವರ ಬಂದಿದ್ದು ಶನಿವಾರ. ನಿಮಗೆ ಅಮಾವಾಸ್ಯೆ ದಿನ ಕೊಟ್ಟಿದ್ದು, ಮೂರನೇ ದಿನಕ್ಕೆ ಜ್ವರ. ಎರಡೂ ಒಂದೇ ಜ್ವರ. ನೀರು ಹೊಟ್ಟೆಗೆ ಹೋಗ್ಲಿಲ್ಲ, ಎದೆಗೆ ಹೋಯ್ತು. ಡಾಕ್ಟರು ಬೇಡ ಅಂತ ಬರೆದಿದ್ರು, ನಾನು ಓದಿದ್ದೆ. ಓದಿಯೂ ಕೊಟ್ಟೆ. ಮಾಷ್ ಕಾಲ ಬಂದು ಹೋಗ್ಲಿಲ್ಲ ಅಮ್ಮ. ನನ್ನ ಕೈಯಿಂದ ಹೋದ್ರು. ನಂಗೆ ಇದು ಗೊತ್ತಾಗಿ ಇಪ್ಪತ್ತೊಂದು ವರ್ಷ ಆಯ್ತು. ಮೊನ್ನೆ ಈ ಹೆಂಗಸರ ಮುಂದೆ ನೀವು ಹೇಳಿದಾಗ್ಲೂ ಸುಮ್ನಿದ್ದೆ. ಅದಕ್ಕೇ ಪ್ರಸನ್ನ ಹೊಯ್ದಳು. ಕಳಿಸೋದಾದ್ರೆ ನನ್ನನ್ನ ಕಳಿಸಿ."

ನಾಣಿಯಮ್ಮ ನನ್ನ ಕೈಯನ್ನು ನೋಡುತ್ತಿದ್ದರು. ಮುಖವನ್ನಲ್ಲ, ಕೈಯನ್ನು.

"ನಗ್ತಾ ಇದ್ರು" ಅಂದರು ಆಮೇಲೆ. "ಬಾಗಿಲಲ್ಲಿ ನಿಂತು ನಾನೇ ನೋಡಿದ್ದೆ. ನಗ್ತಾ ಇದ್ರು ಅಲ್ವಾ?"

"ನಗ್ತಾ ಇದ್ರು ಅಮ್ಮ."

"ಅವರದು ಅಂತ ನನ್ನ ಹತ್ರ ಉಳಿದಿದ್ದು ಅದೊಂದೇ ನಗು. ಅದನ್ನೂ ತಗೊಂಡೆ." ಕೈಯಿಂದ ಕಣ್ಣೆತ್ತಿ ನನ್ನ ಮುಖ ನೋಡಿ, "ಇಷ್ಟು ವರ್ಷ ನಿನ್ನ ಹೆಸರು ಹೇಳಿ ದೀಪ ಹಚ್ಚಿದ್ನಲ್ಲ. ಇನ್ನು ಏನು ಮಾಡ್ಲಿ, ನೀನೇ ಹೇಳು" ಅಂದರು.

ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ಪ್ರಸನ್ನಳನ್ನು ಕಳಿಸಲಿಲ್ಲ. ಮೊದಲಿಂದ ಮತ್ತೆ ಹದಿನೈದು ದಿನ ಕಲಿಯಲಿ ಎಂದರು ಮೇಟ್ರನ್. ನನ್ನನ್ನೂ ಕಳಿಸಲಿಲ್ಲ. "ಪ್ರತಿ ತಂಡಕ್ಕೂ ಮೊದಲ ದಿನ ಇದನ್ನೇ ಹೇಳಬೇಕು. ಹೆಸರು ಬಿಡದೆ, ಬುಧವಾರ ಶನಿವಾರ ಯಾವುದನ್ನೂ ಬಿಡದೆ" ಎಂದಷ್ಟೇ ಅಂದರು. ಇದಕ್ಕಿಂತ ಕಳಿಸಿದ್ದರೇ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಆದರೂ ಹೇಳುತ್ತೇನೆ. ಹೇಳಲು ಶುರು ಮಾಡಿದ ಮೇಲೆ ಬೆನ್ನ ಹಿಂದಿನ ದನಿ ನಿಂತುಹೋಯಿತು.

ಮಾರನೆಯ ಮಧ್ಯಾಹ್ನ ನಾಣಿಯಮ್ಮನಿಗೆ ಗಂಜಿ ನಾನೇ ಒಯ್ದೆ. ಹೆಸರುಕಾಳು, ಮೊಟ್ಟೆ ಹಾಕಿ ಹದವಾಗಿ ಕಲಸಿದ್ದೆ. ಚಮಚ ಎತ್ತಿದರೆ ತುಟಿ ಬಿಗಿಯಾಗಿ ಮುಚ್ಚಿಕೊಂಡರು. ಮೂರು ಸಲ ಎತ್ತಿದೆ. ನಾಲ್ಕನೇ ಸಲಕ್ಕೆ ಬಟ್ಟಲನ್ನು ಪ್ರಸನ್ನಳ ಕೈಗೆ ಕೊಟ್ಟು ಹೊರಗೆ ಬಂದು ಬಾಗಿಲ ಪಕ್ಕ ನಿಂತೆ. ಪ್ರಸನ್ನ ನೆಟ್ಟಗೆ ಕೂರಿಸಿದಳು, ಗದ್ದ ಬಗ್ಗಿಸಿದಳು, ಪ್ರತಿ ತುತ್ತಿಗೂ ಕಾದಳು. ಬಟ್ಟಲು ಖಾಲಿಯಾಗಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಮಂದ ನೀರು ನಾಲ್ಕು ಚಮಚ.

"ಈಗ ಏನಾದ್ರೂ ಹೇಳಿ ಅಮ್ಮ, ದನಿ ನೋಡೋಣ."

"ಅವಳು ಹೊರಗೆ ನಿಂತಿದ್ದಾಳಾ?"

"ಚೇಚಿನಾ? ನಿಂತಿದ್ದಾರೆ."

ಆಮೇಲೆ ನಾಣಿಯಮ್ಮ, ಹುಟ್ಟಿದ ಮೇಲೆ ಒಮ್ಮೆಯೂ ನಾಲಿಗೆಯ ಮೇಲೆ ತಂದಿರದ ಹೆಸರನ್ನು, ನನಗೆ ಕೇಳಿಸುವ ಹಾಗೆ ಜೋರಾಗಿ ಹೇಳಿದರು.

"ಚಾತ್ತು."

ಇದಾಗಿ ಎರಡು ವರ್ಷವಾಯಿತು. ನಾಣಿಯಮ್ಮ ನಾಲ್ಕು ಕಿಲೋ ತೂಕ ಹಾಕಿದ್ದಾರೆ. ನನ್ನ ಕೈಯಿಂದ ಇವತ್ತಿನವರೆಗೂ ಒಂದು ತುತ್ತು ತಗೊಂಡಿಲ್ಲ. ಗಂಜಿ ನಾನು ಕಲಸುತ್ತೇನೆ, ಪ್ರಸನ್ನ ಉಣಿಸುತ್ತಾಳೆ. ದಿನಕ್ಕೆ ಮೂರು ಹೊತ್ತು, ಉಂಡಾದ ಮೇಲೆ ಆ ಒಂದೇ ಹೆಸರು. ನಾನು ಬಾಗಿಲ ಹೊರಗೆ ನಿಂತು, ದನಿ ಒಣಗಿದೆಯೇ ಎಂದು ಕಿವಿಗೊಟ್ಟು ಕೇಳಲೇಬೇಕು. ಅದು ನನ್ನ ಕೆಲಸ.